ದುಗ್ಧರಸ: ಪದದ ಅರ್ಥ, ಮೂಲ ಮತ್ತು ಜನಪದ ದೇಹಜ್ಞಾನ

1. ಪ್ರವೇಶ

ಕನ್ನಡ ಮಾಧ್ಯಮದಲ್ಲಿ ಜೀವಶಾಸ್ತ್ರವನ್ನು ಓದಿದವರಿಗೆಲ್ಲ ‘ದುಗ್ಧರಸ’ ಎಂಬ ಪದ ಪರಿಚಿತವಾದುದು. ರಕ್ತನಾಳಗಳಿಂದ ಹೊರಗೆ ಒಸರಿ, ಜೀವಕೋಶಗಳ ನಡುವಿನ ಎಡೆಗಳಲ್ಲಿ ತುಂಬಿಕೊಂಡು, ಬಳಿಕ ಬೇರೆಯೇ ಆದ ಸೂಕ್ಷ್ಮ ನಾಳಗಳ ಮೂಲಕ ಮರಳಿ ರಕ್ತವನ್ನು ಸೇರುವ ದ್ರವಕ್ಕೆ ನಮ್ಮ ಪಠ್ಯಪುಸ್ತಕಗಳು ಕೊಟ್ಟಿರುವ ಹೆಸರು ಇದು. ಆ ನಾಳಗಳು ದುಗ್ಧನಾಳಗಳು. ಕತ್ತು, ಕಂಕುಳು, ತೊಡೆಸಂದು, ಹೊಟ್ಟೆ ಮುಂತಾದ ಎಡೆಗಳಲ್ಲಿ ಆ ನಾಳಗಳ ದಾರಿಯಲ್ಲಿ ನಿಂತು ರೋಗಾಣುಗಳನ್ನು ಸೋಸುವ ಗಂಟುಗಳು ದುಗ್ಧಗ್ರಂಥಿಗಳು ಅಥವಾ ದುಗ್ಧರಸ ಗ್ರಂಥಿಗಳು. ಒಟ್ಟು ಏರ್ಪಾಟು ದುಗ್ಧರಸ ವ್ಯವಸ್ಥೆ.

‘ದುಗ್ಧ’ವೆಂದರೆ ಹಾಲು. ಆದರೆ ಈ ದ್ರವವು ಹಾಲಲ್ಲ. ಹಾಲಿಗೂ ಇದಕ್ಕೂ ಉತ್ಪತ್ತಿಯ ಸಂಬಂಧವೂ ಇಲ್ಲ. ದೇಹದ ಬಹುಪಾಲು ಕಡೆಗಳಲ್ಲಿ ಇದು ತಿಳಿಯಾದ, ನಸುಹಳದಿ ಬಣ್ಣದ ನೀರು. ಹಾಗಿರುವಾಗ ನೀರಿನಂತಿರುವ ವಸ್ತುವಿಗೆ ಹಾಲಿನ ಹೆಸರು ಬಂದುದು ಹೇಗೆ? ಈ ಹೆಸರು ಯಾರ ಕಣ್ಣಿಗೆ ಕಂಡ ನೋಟವನ್ನು ಹೇಳುತ್ತದೆ? ಹಳ್ಳಿಗಾಡಿನ ಜನ ಇದೇ ದ್ರವವನ್ನು, ಇದೇ ಗಂಟುಗಳನ್ನು ತಮ್ಮ ಮಾತಿನಲ್ಲಿ ಹೇಗೆ ಗುರುತಿಸಿಕೊಂಡಿದ್ದರು? ಈ ಮೂರು ಪ್ರಶ್ನೆಗಳನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಇದು ಕೇವಲ ಪದಕುತೂಹಲದ ಸಂಗತಿಯಲ್ಲ. ಹಳೆಯ ಮೈಸೂರು ಭಾಗದ ಒಂದು ಹಳ್ಳಿಯಲ್ಲಿ ಜನಪದ ವೈದ್ಯದ ಮಾಹಿತಿ ಸಂಗ್ರಹಿಸುತ್ತಿದ್ದಾಗ, ಸ್ತನದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದ ಹೆಣ್ಣುಮಗಳೊಬ್ಬರನ್ನು ನಾನು ಕಂಡೆ. ರಾಗಿ ಕೊಯ್ಲಿನಲ್ಲಿ ಕುಡುಗೋಲು ತಾಗಿ ಬೆರಳಿಗೆ ಸಣ್ಣ ಗಾಯವಾಗಿತ್ತು. ತೋಳು ಭುಜದವರೆಗೆ ಊದಿಕೊಂಡಿತ್ತು. ಆಸ್ಪತ್ರೆಯಿಂದ ಬಿಡುವಾಗ ಆ ಕೈಯನ್ನು ಜೋಪಾನ ಮಾಡಬೇಕೆಂದು ಹೇಳಿರಲಿಲ್ಲವೇ ಎಂದು ಕೇಳಿದೆ. ಹೇಳಿದ್ದರು, ಚೀಟಿಯಲ್ಲಿ ಬರೆದೂ ಕೊಟ್ಟಿದ್ದರು. ಚೀಟಿಯಲ್ಲಿ ‘ಕಂಕುಳಿನ ದುಗ್ಧಗ್ರಂಥಿಗಳನ್ನು ತೆಗೆಯಲಾಗಿದೆ’ ಎಂದಿತ್ತು. ಅದನ್ನು ಓದಿ ಹೇಳಿದ ಮಗಳು ‘ಹಾಲಿನ ಗಂಟು’ ಎಂದು ಬಿಡಿಸಿ ಹೇಳಿದ್ದಳು. ಆಕೆಯ ಉತ್ತರ ಇದು: “ಹಾಲಿನ ಗಂಟು ಅಂದ್ರು. ಮೊಮ್ಮಕ್ಕಳು ಕಂಡೋಳು ನಾನು, ನಂಗಿನ್ನು ಹಾಲು ಯಾತಕ್ಕೆ? ಹೋದ್ರೆ ಹೋಗ್ಲಿ ಅಂದ್ಕೊಂಡೆ.” ವೈದ್ಯರು ಹೇಳುವುದನ್ನು ಹೇಳಿದ್ದರು, ಮಗಳು ಪದವನ್ನು ಸರಿಯಾಗಿಯೇ ಬಿಡಿಸಿದ್ದಳು, ತಾಯಿ ಬಿಡಿಸಿದ ಅರ್ಥವನ್ನು ಸರಿಯಾಗಿಯೇ ಗ್ರಹಿಸಿದ್ದಳು. ತಪ್ಪಿದ್ದುದು ಪದದ ಒಳಗೆ. ಈ ಬರೆಹಕ್ಕೆ ಅಂದಿನ ಆ ಮಾತೇ ಪ್ರೇರಣೆ.

2. ಪದದ ರಚನೆ

‘ದುಗ್ಧರಸ’ವು ಎರಡು ಸಂಸ್ಕೃತ ಪದಗಳಿಂದಾದ ಸಮಾಸ. ‘ದುಗ್ಧ’ವು ‘ದುಹ್’ ಎಂಬ ಧಾತುವಿನಿಂದ ಬಂದ ಭೂತಕೃದಂತ. ‘ದುಹ್’ ಎಂದರೆ ಕರೆ, ಹಿಂಡು. ಹೀಗಾಗಿ ದುಗ್ಧದ ಮೊದಲ ಅರ್ಥ ‘ಕರೆಯಲ್ಪಟ್ಟದ್ದು’. ಬಳಿಕ ಅದು ನಾಮಪದವಾಗಿ ಹಾಲು ಎಂಬ ಅರ್ಥದಲ್ಲಿ ನೆಲೆನಿಂತಿತು. ಗೋದೋಹನ, ದೋಹದಂತಹ ಪದಗಳೂ ಈ ಧಾತುವಿನವೇ.

ಎರಡನೆಯ ಪದ ‘ರಸ’. ಆಯುರ್ವೇದದಲ್ಲಿ ರಸವು ಏಳು ಧಾತುಗಳಲ್ಲಿ ಮೊದಲನೆಯದು. ಉಂಡ ಆಹಾರ ಪಕ್ವವಾಗಿ ಅದರ ಸಾರ ರಸವಾಗುತ್ತದೆ. ರಸದಿಂದ ರಕ್ತ, ರಕ್ತದಿಂದ ಮಾಂಸ ಎಂಬಂತೆ ಉಳಿದವು ಕ್ರಮವಾಗಿ ಉಂಟಾಗುತ್ತವೆ. ಸುಶ್ರುತ ಸಂಹಿತೆಯು ಈ ಪದವನ್ನು ಗತಿಯ ಅರ್ಥದಿಂದ ನಿರ್ವಚಿಸುತ್ತದೆ: ಹಗಲಿರುಳೂ ನಿಲ್ಲದೆ ಚಲಿಸುವುದರಿಂದ ಅದು ರಸ. ಹೃದಯವನ್ನು ನೆಲೆಯಾಗಿಸಿಕೊಂಡು 24 ಧಮನಿಗಳ ಮೂಲಕ ಅದು ದೇಹವನ್ನೆಲ್ಲ ತಣಿಸುತ್ತದೆ ಎಂಬುದು ಆ ಗ್ರಂಥದ ತಿಳಿವಳಿಕೆ. ಇಂದಿನ ಶರೀರಶಾಸ್ತ್ರದೊಡನೆ ಇದನ್ನು ಅಕ್ಷರಶಃ ಹೊಂದಿಸುವ ಅಗತ್ಯವಿಲ್ಲ. ಆದರೂ ರಕ್ತವಲ್ಲದ, ಆದರೆ ರಕ್ತದೊಡನೆ ಕೂಡುವ, ಸದಾ ಹರಿಯುವ ದ್ರವಕ್ಕೆ ‘ರಸ’ ಎಂಬ ಹೆಸರು ಒಪ್ಪುತ್ತದೆ. ಆದ್ದರಿಂದ ಸಮಾಸದ ಉತ್ತರಪದದ ಬಗೆಗೆ ಆಕ್ಷೇಪವಿಲ್ಲ. ವಿಚಾರಣೆಗೆ ಒಳಪಡಿಸಬೇಕಾದುದು ಪೂರ್ವಪದವಾದ ‘ದುಗ್ಧ’ವನ್ನು.

3. ಹಾಲು ಎಲ್ಲಿಂದ ಬಂತು?

ಇದಕ್ಕೆ ಉತ್ತರ 17ನೆಯ ಶತಮಾನದ ಯುರೋಪಿನಲ್ಲಿದೆ. ಇಟಲಿಯ ಪವಿಯಾ ವಿಶ್ವವಿದ್ಯಾನಿಲಯದಲ್ಲಿ ಅಂಗರಚನಾಶಾಸ್ತ್ರವನ್ನು ಬೋಧಿಸುತ್ತಿದ್ದ ಗ್ಯಾಸ್ಪರೆ ಅಸೆಲ್ಲಿ 1622ರಲ್ಲಿ ನಾಯಿಯೊಂದರ ಹೊಟ್ಟೆಯನ್ನು ಸೀಳಿ ನೋಡುತ್ತಿದ್ದಾಗ ಕರುಳಿನ ಪೊರೆಯ ಮೇಲೆ ಬಿಳಿಯ ಎಳೆಗಳು ಹರಡಿರುವುದನ್ನು ಕಂಡನು. ಮೊದಲಿಗೆ ಅವು ನರಗಳೆಂದು ಭಾವಿಸಿದನು. ಒಂದನ್ನು ಕೊಯ್ದಾಗ ಹಾಲಿನಂತಹ ದ್ರವ ಹೊರಚಿಮ್ಮಿತು. ಆ ನಾಯಿಗೆ ಸ್ವಲ್ಪ ಮೊದಲು ಆಹಾರ ಕೊಡಲಾಗಿತ್ತು. ಜಿಡ್ಡಿನ ಆಹಾರ ಜೀರ್ಣವಾಗುವಾಗ ಅದರ ಕೊಬ್ಬಿನ ಸೂಕ್ಷ್ಮ ಕಣಗಳು ಕರುಳಿನಿಂದ ನೇರವಾಗಿ ರಕ್ತಕ್ಕೆ ಹೋಗದೆ ಈ ನಾಳಗಳನ್ನು ಸೇರುತ್ತವೆ. ಆಗ ಒಳಗಿನ ದ್ರವ ಬೆಳ್ಳಗಾಗುತ್ತದೆ. ಅಸೆಲ್ಲಿ ಇವುಗಳನ್ನು ಹಾಲಿನ ನಾಳಗಳೆಂದು ಕರೆದನು. ಅವನ ಮರಣಾನಂತರ 1627ರಲ್ಲಿ ಅವನ ಗ್ರಂಥ ಬಣ್ಣದ ಚಿತ್ರಗಳೊಡನೆ ಪ್ರಕಟವಾಯಿತು. ಈ ನಾಳಗಳು ಯಕೃತ್ತನ್ನು ಸೇರುತ್ತವೆ ಎಂದು ಅವನು ತಿಳಿದಿದ್ದನು. ಅದು ಸರಿಯಲ್ಲವೆಂದೂ, ಅವುಗಳ ದ್ರವ ಎದೆಯೊಳಗಿನ ದೊಡ್ಡ ನಾಳದ ಮೂಲಕ ಕತ್ತಿನ ಬುಡದಲ್ಲಿ ರಕ್ತವನ್ನು ಕೂಡುತ್ತದೆಂದೂ 1651ರಲ್ಲಿ ಫ್ರಾನ್ಸಿನ ಝಾನ್ ಪೆಕೆ ತೋರಿಸಿದನು.

ಆಮೇಲಿನದು ಮತ್ತೊಂದು ಶೋಧ. 1652–53ರ ಹೊತ್ತಿಗೆ ಸ್ವೀಡನ್ನಿನ ಓಲೌಸ್ ರುಡ್ಬೆಕ್ ಮತ್ತು ಡೆನ್ಮಾರ್ಕಿನ ಥಾಮಸ್ ಬಾರ್ತೊಲಿನ್ ಇಬ್ಬರೂ, ಇಂತಹ ನಾಳಗಳು ಕರುಳಿನಲ್ಲಿ ಮಾತ್ರವಲ್ಲ, ದೇಹದ ಬೇರೆ ಭಾಗಗಳಲ್ಲೂ ಇವೆಯೆಂದು ಕಂಡುಕೊಂಡರು. ಆದರೆ ಅಲ್ಲಿ ಹರಿಯುತ್ತಿದ್ದುದು ಹಾಲಿನಂತಹ ದ್ರವವಲ್ಲ, ತಿಳಿನೀರು. ಈ ವ್ಯತ್ಯಾಸವನ್ನು ಕಂಡೇ ಬಾರ್ತೊಲಿನ್ ಅವುಗಳಿಗೆ ಬೇರೆ ಹೆಸರಿಟ್ಟನು. ‘ಲಿಂಫಾ’ ಎಂಬ ಲ್ಯಾಟಿನ್ ಪದಕ್ಕೆ ತಿಳಿನೀರು ಎಂದು ಅರ್ಥ. ಗ್ರೀಕರ ಜಲದೇವತೆಯಾದ ‘ನಿಂಫ್’ ಎಂಬ ಹೆಸರಿನ ಪ್ರಭಾವದಿಂದ ಆ ಪದದ ಬರವಣಿಗೆಯ ರೂಪವೂ ಬದಲಾಯಿತೆಂದು ಭಾಷಾವಿದರು ಹೇಳುತ್ತಾರೆ. ಬುಗ್ಗೆ, ಹೊಳೆಗಳಲ್ಲಿ ನೆಲೆಸಿದ ಹೆಣ್ಣುದೈವವೊಂದರ ನೆನಪು ಶರೀರಶಾಸ್ತ್ರದ ಪದದಲ್ಲಿ ಉಳಿದುಕೊಂಡಿರುವುದು ಜಾನಪದ ವಿದ್ಯಾರ್ಥಿಗೆ ಸ್ವಾರಸ್ಯದ ಸಂಗತಿ. ಕೆರೆ, ಬಾವಿಗಳ ನೀರನ್ನು ಗಂಗಮ್ಮನೆಂದು ಪೂಜಿಸುವ ನಮಗೆ ಈ ಕಲ್ಪನೆ ದೂರದ್ದಲ್ಲ.

ಹೀಗೆ ಯುರೋಪಿನಲ್ಲಿ ಎರಡು ನೋಟಗಳಿಗೆ ಎರಡು ಹೆಸರುಗಳು ಉಂಟಾದವು: ಕರುಳಿನ ಬಿಳಿಯ ನಾಳಗಳಿಗೆ ಹಾಲಿನ ಹೆಸರು, ಇಡೀ ದೇಹದ ನಾಳಗಳಿಗೆ ನೀರಿನ ಹೆಸರು. ಕನ್ನಡದ ಪಾರಿಭಾಷಿಕ ಪದವು ಈ ಎರಡನೆಯ ಅರ್ಥಕ್ಕೆ ಮೊದಲನೆಯ ಹೆಸರನ್ನು ತೊಡಿಸಿತು. ಕರುಳಿನ ಒಂದು ಭಾಗದಲ್ಲಿ, ಅದೂ ಉಂಡ ಮೇಲಿನ ಕೆಲವು ಗಂಟೆಗಳ ಕಾಲ ಮಾತ್ರ ಕಾಣುವ ಬಣ್ಣವು ಇಡೀ ವ್ಯವಸ್ಥೆಯ ಹೆಸರಾಯಿತು. ದುಗ್ಧರಸವೆಂಬ ಪದ ತಪ್ಪೆಂದು ಹೇಳುವುದಕ್ಕಿಂತ, ಅದು ಭಾಗಕ್ಕೆ ಸಲ್ಲುವ ಹೆಸರನ್ನು ಇಡಿಗೆ ಕೊಟ್ಟ ಪದ ಎನ್ನುವುದು ಹೆಚ್ಚು ಸರಿ.

4. ನೆರೆಭಾಷೆಗಳ ನಿದರ್ಶನ

ಇದೇ ದ್ರವವನ್ನು ನಮ್ಮ ನೆರೆಯ ಭಾಷೆಗಳು ಹೇಗೆ ಹೆಸರಿಸಿವೆ ಎಂದು ನೋಡಿದರೆ ಕನ್ನಡದ ಆಯ್ಕೆಯ ವೈಶಿಷ್ಟ್ಯ ಸ್ಪಷ್ಟವಾಗುತ್ತದೆ.

ಹಿಂದಿ, ಮರಾಠಿ, ಬಂಗಾಳಿಗಳಲ್ಲಿ ಇದಕ್ಕೆ ‘ಲಸಿಕಾ’ ಅಥವಾ ‘ಲಸೀಕಾ’ ಎಂಬ ಪದವಿದೆ. ಇದು ಚರಕ ಸಂಹಿತೆಯಷ್ಟು ಹಳೆಯದು. ದೇಹದಲ್ಲಿರುವ ನೀರಿನ ಪ್ರಮಾಣವನ್ನು ಹತ್ತು ಅಂಜಲಿಯೆಂದು ಲೆಕ್ಕಹಾಕುವ ಚರಕ ಸಂಹಿತೆಯ ಶಾರೀರಸ್ಥಾನವು ಅದೇ ನೀರು ಸ್ಥಾನಭೇದದಿಂದ ಬೇರೆ ಬೇರೆ ಹೆಸರು ಪಡೆಯುತ್ತದೆ ಎನ್ನುತ್ತದೆ. ಚರ್ಮದೊಳಗಿದ್ದು ಗಾಯವಾದಾಗ ಕಾಣಿಸಿಕೊಳ್ಳುವುದು ಲಸೀಕಾ. ಶಾಖದಿಂದ ರೋಮಕೂಪಗಳ ಮೂಲಕ ಹೊರಬರುವುದು ಸ್ವೇದ. ಇಲ್ಲಿ ಹೆಸರು ಹುಟ್ಟಿದ್ದು ಗಾಯವನ್ನು ನೋಡಿದ ಕಣ್ಣಿನಿಂದ.

ತೆಲುಗಿನಲ್ಲಿ ‘ಶೋಷರಸ’ ಎಂಬ ಪದವಿದೆ. ಶೋಷವೆಂದರೆ ಹೀರುವುದು, ಒಣಗಿಸುವುದು. ಜೀವಕೋಶಗಳ ನಡುವೆ ಉಳಿದ ದ್ರವವನ್ನು ಹೀರಿಕೊಂಡು ಒಯ್ಯುವ ಕಾರ್ಯ ಈ ಹೆಸರಿಗೆ ಆಧಾರ. ತಮಿಳಿನಲ್ಲಿ ‘ನಿಣನೀರ್’. ‘ನಿಣ’ವೆಂದರೆ ಕೊಬ್ಬು, ಮಜ್ಜೆ. ಕೊಬ್ಬಿನ ಎಡೆಯಲ್ಲಿರುವ ನೀರು ಎಂಬ ಈ ಹೆಸರಿಗೆ ಸ್ಥಾನವೇ ಆಧಾರ.

ಹೀಗೆ ಲಸೀಕಾ ನೋಟವನ್ನೂ, ಶೋಷರಸ ಕಾರ್ಯವನ್ನೂ, ನಿಣನೀರ್ ಸ್ಥಾನವನ್ನೂ ಹಿಡಿದವು. ಕನ್ನಡದ ದುಗ್ಧರಸ ಹಿಡಿದದ್ದು ಬಣ್ಣವನ್ನು. ನಾಲ್ಕರಲ್ಲಿ ಬಣ್ಣವೇ ಅತ್ಯಂತ ಅಸ್ಥಿರವಾದ ಲಕ್ಷಣ. ಇನ್ನೊಂದು ತೊಡಕೂ ಇದೆ. ಹಿಂದಿಯಲ್ಲಿ ‘ದುಗ್ಧಗ್ರಂಥಿ’ ಎಂದರೆ ಸ್ತನದಲ್ಲಿ ಹಾಲು ಉತ್ಪತ್ತಿಯಾಗುವ ಗ್ರಂಥಿ. ಕನ್ನಡದಲ್ಲಿ ಅದೇ ಪದ ಕಂಕುಳಿನ ಗಂಟನ್ನು ಹೇಳುತ್ತದೆ. ಸ್ತನದ ಕ್ಯಾನ್ಸರಿನ ವಿಷಯದಲ್ಲಿ ಈ ಎರಡು ಅಂಗಗಳೂ ಒಂದೇ ಮಾತಿನಲ್ಲಿ, ಒಂದೇ ಚೀಟಿಯಲ್ಲಿ ಬರುತ್ತವೆ. ಮೊದಲು ಹೇಳಿದ ಹೆಣ್ಣುಮಗಳು ಮಾಡಿಕೊಂಡ ಅರ್ಥ ಆಕೆಯ ಅಜ್ಞಾನವಲ್ಲ. ಪಕ್ಕದ ಭಾಷೆಯಲ್ಲಿ ಅದು ನಿಘಂಟಿನ ಅರ್ಥವೇ ಆಗಿದೆ ಎಂಬುದು ಗಮನಾರ್ಹ.

5. ಕನ್ನಡ ಜನಪದದಲ್ಲಿ: ರಸಿಕೆ, ನೆಣ, ಗೆಡ್ಡೆ

ಕನ್ನಡಕ್ಕೆ ಈ ದ್ರವವನ್ನು ಹೆಸರಿಸುವ ಸಾಮಗ್ರಿ ಇರಲಿಲ್ಲವೇ? ಇತ್ತು. ಅದು ಶಾಸ್ತ್ರಗ್ರಂಥಗಳಲ್ಲಿರದೆ ಮನೆಮಾತಿನಲ್ಲಿತ್ತು.

ಗಾಯ ಅಥವಾ ಹುಣ್ಣಿನಿಂದ ಒಸರುವ ದ್ರವಗಳಲ್ಲಿ ಹಳ್ಳಿಯ ಜನ ಸೂಕ್ಷ್ಮವಾದ ಭೇದಗಳನ್ನು ಮಾಡುತ್ತಾರೆ. ಕೆಂಪಗೆ ಹರಿಯುವುದು ನೆತ್ತರು. ದಪ್ಪಗೆ, ವಾಸನೆಯಿಂದ ಕೂಡಿದ್ದು ಕೀವು. ತೆಳ್ಳಗೆ ನೀರಿನಂತೆ ಸೋರುವುದು ರಸಿಕೆ. ಕೆಲವು ಕಡೆ ರಸಿಕೆ, ಕೀವುಗಳನ್ನು ಒಂದೇ ಅರ್ಥದಲ್ಲಿ ಬಳಸುವುದುಂಟು. ಆದರೆ ಹುಣ್ಣು ನೋಡಿ ಅನುಭವವಿರುವ ಹಿರಿಯರು ‘ಇನ್ನೂ ಕೀವಾಗಿಲ್ಲ, ಬರೀ ರಸಿಕೆ’ ಎಂದು ಬೇರ್ಪಡಿಸಿ ಹೇಳುವುದನ್ನು ನಾನು ಕೇಳಿದ್ದೇನೆ. ತೆಲುಗಿನಲ್ಲೂ ‘ರಸಿ’ ಎಂಬ ಪದ ಇದೇ ವಲಯದ ಅರ್ಥದಲ್ಲಿದೆ. ‘ರಸಿಕೆ’ಯನ್ನು ‘ರಸ’ದಿಂದ ನೇರವಾಗಿ ಬಂದುದೆಂದು ತಿಳಿಯಬಹುದು, ರ–ಲಕಾರಗಳ ಪರಸ್ಪರ ಬದಲಾವಣೆ ಸಾಮಾನ್ಯವಾದುದರಿಂದ ‘ಲಸೀಕಾ’ದೊಡನೆ ಅದಕ್ಕೆ ನಂಟು ಕಲ್ಪಿಸಲೂಬಹುದು. ಯಾವ ದಾರಿಯಲ್ಲಿ ಹೋದರೂ ತಲುಪುವ ನೆಲೆ ಒಂದೇ. ಚರಕ ಸಂಹಿತೆ ಗಾಯದಲ್ಲಿ ಕಂಡ ನೀರನ್ನೇ ಹಳ್ಳಿಯ ಅಜ್ಜಿಯೂ ಕಂಡಿದ್ದಾಳೆ. ಇಬ್ಬರೂ ಅದಕ್ಕೆ ಹೆಚ್ಚುಕಡಿಮೆ ಒಂದೇ ಹೆಸರಿಟ್ಟಿದ್ದಾರೆ.

ಎರಡನೆಯದು ‘ನೆಣ’. ತಮಿಳಿನ ‘ನಿಣ’ದ ಸೋದರಪದವಾದ ಇದು ಹಳಗನ್ನಡ ಕಾವ್ಯಗಳ ಯುದ್ಧವರ್ಣನೆಗಳಲ್ಲಿ ನೆತ್ತರು, ಖಂಡಗಳೊಡನೆ ಬರುವ ಪದ. ಇಂದಿಗೂ ಮಾಂಸಾಹಾರಿಗಳ ಅಡುಗೆಮನೆಯಲ್ಲಿ ಕುರಿಯ ಕೊಬ್ಬಿಗೆ ನೆಣವೆನ್ನುತ್ತಾರೆ. ಕುರಿ ಕೊಯ್ದು ಹಸನು ಮಾಡುವವರಿಗೆ ನೆಣದ ನಡುವೆ ಹುದುಗಿರುವ ಕಾಳಿನ ಗಾತ್ರದ ಗಂಟುಗಳು ಗೊತ್ತು. ಶರೀರಶಾಸ್ತ್ರವೂ ಈ ಗಂಟುಗಳು ಕೊಬ್ಬಿನಲ್ಲಿ ಹುದುಗಿರುತ್ತವೆ ಎಂದೇ ಹೇಳುತ್ತದೆ. ತಮಿಳರು ತಮ್ಮ ಪದಕ್ಕೆ ಬಳಸಿಕೊಂಡ ಸಾಮಗ್ರಿ ಕನ್ನಡದಲ್ಲೂ ಬಳಕೆಯಲ್ಲಿತ್ತು. ನಾವು ಅದನ್ನು ಬಳಸಿಕೊಳ್ಳಲಿಲ್ಲ.

ಮೂರನೆಯದು, ನನ್ನ ದೃಷ್ಟಿಯಲ್ಲಿ ಅತ್ಯಂತ ಮುಖ್ಯವಾದುದು, ‘ಗೆಡ್ಡೆ’. ಕಾಲಿಗೆ ಮುಳ್ಳು ಚುಚ್ಚಿ ಕೀವಾದರೆ ತೊಡೆಸಂದಿನಲ್ಲಿ, ಕೈಗೆ ಗಾಯವಾದರೆ ಕಂಕುಳಲ್ಲಿ ನೋವಿನ ಗಂಟು ಏಳುತ್ತದೆ. ಇದಕ್ಕೆ ‘ಗೆಡ್ಡೆ ಕಟ್ಟುವುದು’ ಎನ್ನುತ್ತಾರೆ. ತೊಡೆಸಂದಿನಲ್ಲಿ ಗೆಡ್ಡೆ ಎದ್ದಿದೆಯೆಂದು ಮಗು ಅಳುತ್ತಾ ಬಂದರೆ ಹಿರಿಯರು ಮೊದಲು ನೋಡುವುದು ಗೆಡ್ಡೆಯನ್ನಲ್ಲ, ಅಂಗಾಲನ್ನು. “ಎಲ್ಲೋ ಮುಳ್ಳು ಮುರಿದಿದೆ, ನೋಡು” ಎನ್ನುತ್ತಾರೆ. ಗಾಯ ಒಂದು ಕಡೆ, ಬಾವು ಇನ್ನೊಂದು ಕಡೆ. ನಡುವೆ ಕಣ್ಣಿಗೆ ಕಾಣುವ ಯಾವ ಕೊಂಡಿಯೂ ಇಲ್ಲ. ಆದರೂ ಎರಡರ ನಡುವೆ ದಾರಿಯೊಂದಿದೆ ಎಂಬ ತಿಳಿವಳಿಕೆ ಈ ಮಾತಿನ ಹಿಂದಿದೆ. ಆ ದಾರಿಯೇ ಪಠ್ಯಪುಸ್ತಕದ ದುಗ್ಧನಾಳ. ನಾಳಕ್ಕೆ ಹೆಸರಿಡದೆಯೂ ಅದರ ದಿಕ್ಕನ್ನೂ ತಲುಪುವ ತಾಣವನ್ನೂ ಜನಪದ ಗುರುತಿಸಿಕೊಂಡಿತ್ತು.

‘ಗೆಡ್ಡೆ’ ಎಂಬ ರೂಪಕವೂ ಬೇಸಾಯದ ಬದುಕಿನದು. ಗೆಡ್ಡೆ ನೆಲದೊಳಗೆ ಕಾಣದಂತೆ ಇರುತ್ತದೆ. ಬಲಿತಾಗ ಮಣ್ಣು ಉಬ್ಬಿ ತನ್ನ ಇರವನ್ನು ತಿಳಿಸುತ್ತದೆ. ಸಹಜಸ್ಥಿತಿಯಲ್ಲಿ ಕೈಗೆ ಸಿಗದೆ, ಸೋಂಕು ತಗುಲಿದಾಗ ಮಾತ್ರ ಊದಿ ಕಾಣಿಸಿಕೊಳ್ಳುವ ಅಂಗಕ್ಕೆ ಇದಕ್ಕಿಂತ ಒಪ್ಪುವ ಹೆಸರು ಸಿಗುವುದು ಕಷ್ಟ. 1898ರಲ್ಲಿ ಬೆಂಗಳೂರಿಗೂ ಮೈಸೂರು ಸೀಮೆಗೂ ಪ್ಲೇಗ್ ಬಂದಾಗ ಜನ ರೋಗವನ್ನು ಗುರುತಿಸಿದ್ದು ಎರಡು ಲಕ್ಷಣಗಳಿಂದ: ಮನೆಯಲ್ಲಿ ಇಲಿ ಬೀಳುವುದು, ಮೈಯಲ್ಲಿ ಗೆಡ್ಡೆ ಏಳುವುದು. ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡ ನೆನಪುಗಳಲ್ಲಿಯೂ, ಪ್ಲೇಗಮ್ಮ, ಪ್ಲೇಗ್ ಮಾರಮ್ಮ ಎಂಬ ಹೆಸರಿನಲ್ಲಿ ಉಳಿದಿರುವ ಗುಡಿಗಳಲ್ಲಿಯೂ ಆ ಕಾಲದ ಭಯ ಇಂದಿಗೂ ಇದೆ. ಪ್ಲೇಗಿನ ಗೆಡ್ಡೆಯೂ ಮುಳ್ಳು ಚುಚ್ಚಿದಾಗ ಏಳುವ ಗೆಡ್ಡೆಯೂ ಒಂದೇ ಅಂಗದ ಊತ. ಶಾಸ್ತ್ರದಲ್ಲಿ ‘ಗಂಡಮಾಲೆ’ ಎನಿಸಿಕೊಂಡ, ಕತ್ತಿನ ಸುತ್ತ ಸಾಲಾಗಿ ಗಂಟುಗಳೇಳುವ ಕ್ಷಯದ ಬಗೆಯೂ ಈ ಅಂಗಕ್ಕೆ ಸಂಬಂಧಿಸಿದುದೇ.

6. ‘ಹಾಲಿ’ನ ಪರವಾಗಿ ಎರಡು ಮಾತು

ವಿಮರ್ಶೆಯು ಏಕಪಕ್ಷೀಯವಾಗಬಾರದು. ದುಗ್ಧರಸದ ಪರವಾಗಿಯೂ ಹೇಳಬೇಕಾದ ಮಾತುಗಳಿವೆ.

ಮೊದಲನೆಯದಾಗಿ, ಕನ್ನಡದಲ್ಲಿ ‘ಹಾಲು’ ಎಂಬ ಪದದ ಅರ್ಥವ್ಯಾಪ್ತಿ ದೊಡ್ಡದು. ಎಕ್ಕದ ಹಾಲು, ಕಳ್ಳಿಯ ಹಾಲು, ಆಲದ ಹಾಲು ಎಂದು ಗಿಡಮರಗಳ ಬಿಳಿಯ ಸ್ರಾವವನ್ನೂ ಹಾಲೆನ್ನುತ್ತೇವೆ. ಜೋಳ, ಭತ್ತಗಳ ತೆನೆ ಹಾಲುಗಟ್ಟುತ್ತದೆ. ಮದುವೆಯ ಚಪ್ಪರಕ್ಕೆ ಹಾಲುಗಂಬ ನೆಡುವಾಗ ಹಾಲು ಸ್ರವಿಸುವ ಮರದ ಕೊಂಬೆಯನ್ನು ಆರಿಸುವ ರೂಢಿ ಹಲವು ಕಡೆ ಇದೆ. ಸತ್ತವರಿಗೆ ಹಾಲುತುಪ್ಪ ಬಿಡುತ್ತೇವೆ. ಈ ಬಳಕೆಗಳಲ್ಲೆಲ್ಲ ಹಾಲು ಒಂದು ಆಹಾರಪದಾರ್ಥವಾಗಿ ಮಾತ್ರ ಇಲ್ಲ. ಜೀವವಿರುವ ವಸ್ತುವಿನ ಒಳಗೆ ಹರಿಯುವ ಸತ್ತ್ವ ಎಂಬ ಅರ್ಥದಲ್ಲಿದೆ. ಕೆಲವು ಕನ್ನಡ ವೈದ್ಯಬರೆಹಗಳಲ್ಲಿ ‘ಹಾಲ್ರಸ’ ಎಂಬ ರೂಪ ಕಾಣುತ್ತದೆ. ಅದು ಈ ವಿಸ್ತಾರವನ್ನು ಸ್ವಲ್ಪಮಟ್ಟಿಗಾದರೂ ಉಳಿಸಿಕೊಂಡಿದೆ. ಆದರೆ ‘ಹಾಲು’ ‘ದುಗ್ಧ’ವಾದ ಕೂಡಲೇ ಆ ವಿಸ್ತಾರ ಕಳೆದುಹೋಯಿತು. ಎಕ್ಕದ ಹಾಲನ್ನು ಕನ್ನಡದಲ್ಲಿ ಯಾರೂ ಎಕ್ಕದ ದುಗ್ಧವೆನ್ನುವುದಿಲ್ಲ. ದೇಸಿ ಪದಕ್ಕೆ ಸಂಸ್ಕೃತದ ಸಮಾನಪದ ಸಿಕ್ಕರೆ ಅರ್ಥ ಹಾಗೆಯೇ ಉಳಿಯುತ್ತದೆ ಎಂಬ ನಂಬಿಕೆ ಎಷ್ಟು ದುರ್ಬಲವೆಂಬುದಕ್ಕೆ ಇದು ಉದಾಹರಣೆ.

ಎರಡನೆಯದಾಗಿ, ಒಂದು ಕಾಯಿಲೆಯಲ್ಲಿ ಈ ಪದ ಅಕ್ಷರಶಃ ನಿಜವಾಗುತ್ತದೆ. ಆನೆಕಾಲು ರೋಗವನ್ನು ಉಂಟುಮಾಡುವ ಹುಳುಗಳು ದುಗ್ಧನಾಳಗಳಲ್ಲಿ ನೆಲೆಸುತ್ತವೆ. ಕೆಲವರಲ್ಲಿ ಅವುಗಳಿಂದ ಹೊಟ್ಟೆಯೊಳಗಿನ ನಾಳಗಳ ಹರಿವು ತಡೆಗೊಂಡು, ಕರುಳಿನಿಂದ ಬರುವ ಕೊಬ್ಬಿನ ದ್ರವವು ಮೂತ್ರದ ದಾರಿಗೆ ಸೋರುತ್ತದೆ. ಆಗ ಮೂತ್ರ ಹಾಲಿನಂತೆ ಬೆಳ್ಳಗಾಗುತ್ತದೆ. ಅಸೆಲ್ಲಿ 1622ರಲ್ಲಿ ನಾಯಿಯ ಹೊಟ್ಟೆಯಲ್ಲಿ ಕಂಡುದನ್ನು ಈ ರೋಗಿಯು ತನ್ನ ದೇಹದಿಂದಲೇ ಕಾಣುತ್ತಾನೆ. ಪದವು ಹುಟ್ಟಿನಲ್ಲಿ ಹೊಂದಿದ್ದ ಸತ್ಯ ಇಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ.

7. ಆನೆಕಾಲು: ಹೆಸರು ಮತ್ತು ಆರೈಕೆ

ಆನೆಕಾಲಿನ ಪ್ರಸ್ತಾಪ ಬಂದುದರಿಂದ ಅದನ್ನು ಸ್ವಲ್ಪ ವಿಸ್ತರಿಸಬಹುದು. ಸುಶ್ರುತ ಸಂಹಿತೆ ಇದನ್ನು ‘ಶ್ಲೀಪದ’ವೆಂದು ಕರೆದು, ಹಳೆಯ ನೀರು ನಿಂತಿರುವ, ಎಲ್ಲ ಋತುಗಳಲ್ಲೂ ತಂಪಾಗಿರುವ ಪ್ರದೇಶಗಳಲ್ಲಿ ಇದು ಹೆಚ್ಚೆಂದು ಗುರುತಿಸುತ್ತದೆ. ರೋಗದ ಹುಳುವಿನ ಬೆಳವಣಿಗೆ ಸೊಳ್ಳೆಯ ದೇಹದಲ್ಲಿ ನಡೆಯುತ್ತದೆಂದು ಪ್ಯಾಟ್ರಿಕ್ ಮ್ಯಾನ್ಸನ್ ಚೀನಾದಲ್ಲಿ ತೋರಿಸಿದ್ದು 1877ರಲ್ಲಿ. ನಿಂತ ನೀರಿಗೂ ರೋಗಕ್ಕೂ ಇರುವ ನಂಟು ಅದರ ಕಾರಣ ತಿಳಿಯುವುದಕ್ಕೆ ಬಹಳ ಮೊದಲೇ ಕಣ್ಣಿಗೆ ಬಿದ್ದಿತ್ತು. ಕರ್ನಾಟಕದಲ್ಲಿ ಕರಾವಳಿಯ ಜಿಲ್ಲೆಗಳೂ ಕಲಬುರಗಿ, ಬೀದರ್ ಮುಂತಾದ ಈಶಾನ್ಯದ ಜಿಲ್ಲೆಗಳೂ ಈ ರೋಗದ ನೆಲೆಗಳಾಗಿದ್ದವು. 2004ರಿಂದ ದೇಶದ ರೋಗಪೀಡಿತ ಜಿಲ್ಲೆಗಳಲ್ಲಿ ಸಾಮೂಹಿಕವಾಗಿ ಮಾತ್ರೆ ನುಂಗಿಸುವ ಕಾರ್ಯಕ್ರಮ ನಡೆದಿದೆ.

ಮಾತ್ರೆಯು ರಕ್ತದಲ್ಲಿನ ಮರಿಹುಳುಗಳನ್ನು ಕಡಿಮೆಮಾಡಿ ರೋಗ ಹರಡುವುದನ್ನು ತಡೆಯುತ್ತದೆ. ಆದರೆ ಈಗಾಗಲೇ ಊದಿರುವ ಕಾಲನ್ನು ಮೊದಲಿನಂತೆ ಮಾಡಲಾರದು. ಅಂತಹವರಿಗೆ ಆರೈಕೆಯೇ ಮುಖ್ಯ ಚಿಕಿತ್ಸೆ: ದಿನವೂ ಸೋಪು ನೀರಿನಿಂದ ಕಾಲು ತೊಳೆಯುವುದು, ಬೆರಳಸಂದುಗಳನ್ನು ಒರೆಸಿ ಒಣಗಿಸುವುದು, ಸಣ್ಣ ಗಾಯಕ್ಕೂ ಮದ್ದು ಹಚ್ಚುವುದು, ಬರಿಗಾಲಲ್ಲಿ ನಡೆಯದಿರುವುದು, ಕೂತಾಗ ಕಾಲನ್ನು ಎತ್ತರದಲ್ಲಿಡುವುದು. ಇದೆಲ್ಲ ಏಕೆ ಬೇಕು? ಹರಿವು ಕಟ್ಟಿರುವ ಕಾಲಿನಲ್ಲಿ ಸಣ್ಣ ಗಾಯದ ಸೋಂಕೂ ಉಳಿದು ಬೆಳೆಯುತ್ತದೆ. ಪ್ರತಿ ಸೋಂಕೂ ಊತವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಈ ಕಾರಣವನ್ನು ‘ದುಗ್ಧರಸದ ಪರಿಚಲನೆಗೆ ತಡೆಯಾಗಿದೆ’ ಎಂದು ಹೇಳಿದರೆ ರೋಗಿಗೆ ಏನೂ ತಿಳಿಯುವುದಿಲ್ಲ. ‘ರಸಿಕೆ ಹರಿಯುವ ದಾರಿ ಕಟ್ಟಿದೆ, ಕಾಲುವೆ ಕಟ್ಟಿದರೆ ಗದ್ದೆಯಲ್ಲಿ ನೀರು ನಿಲ್ಲುವಂತೆ ಕಾಲಿನಲ್ಲಿ ನೀರು ನಿಂತಿದೆ’ ಎಂದರೆ ರೈತನಿಗೆ ತಿಳಿಯದೆ ಇರದು.

ಮೊದಲು ಹೇಳಿದ ಹೆಣ್ಣುಮಗಳ ಮನೆಯಲ್ಲಿಯೂ ಇದೇ ಅನುಭವವಾಯಿತು. ಕಂಕುಳಿನಲ್ಲಿ ತೆಗೆದದ್ದು ಹಾಲಿನ ಗಂಟಲ್ಲ, ಕೈಗೆ ಗಾಯವಾದಾಗ ಊದುವ ಗಂಟು ಎಂದು ನಾನು ತಡವರಿಸುತ್ತಾ ವಿವರಿಸುತ್ತಿದ್ದಾಗ ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಮುದುಕಿಯೊಬ್ಬರು ನಡುವೆ ಬಾಯಿಹಾಕಿದರು: “ಕೈಗೆ ಏಟಾದ್ರೆ ಕಂಕುಳಲ್ಲಿ ಗೆಡ್ಡೆ ಕಟ್ಟಿ ನಂಜು ತಡೀತದೆ. ಇವ್ಳಿಗೆ ಗೆಡ್ಡೇನೇ ತೆಗ್ದವ್ರೆ. ಇನ್ನು ತಡಿಯೋದು ಯಾವ್ದು? ಅದ್ಕೇ ಕೈ ಜೋಪಾನ ಅಂದಿರೋದು.” ಪಠ್ಯಪುಸ್ತಕದ ಒಂದು ಪುಟದ ತಿರುಳು ಆ ಮಾತಿನಲ್ಲಿತ್ತು. ಗೆಡ್ಡೆಗಳನ್ನು ತೆಗೆದ ಮೇಲೆ ದ್ರವ ಮರಳುವ ದಾರಿಯೂ ಕುಗ್ಗುತ್ತದೆ ಎಂಬ ಇನ್ನೊಂದು ಅಂಶವನ್ನು ಮಾತ್ರ ನಾನು ಅದಕ್ಕೆ ಸೇರಿಸಬೇಕಾಯಿತು. ಆ ಹೆಣ್ಣುಮಗಳು ತನ್ನ ಊದಿದ ಕೈಯನ್ನು ಮೊದಲ ಬಾರಿಗೆ ಎಚ್ಚರದಿಂದ ಮಡಿಲ ಮೇಲೆ ಎತ್ತಿ ಇಟ್ಟುಕೊಂಡಳು. ಮರುವಾರ ಆಸ್ಪತ್ರೆಗೂ ಹೋಗಿಬಂದಳು.

8. ಪರಿಭಾಷೆ ಮತ್ತು ಜಾನಪದ ಅಧ್ಯಯನ

ಕನ್ನಡದಲ್ಲಿ ವಿಜ್ಞಾನ ಪರಿಭಾಷೆಯ ಕೆಲಸಕ್ಕೆ ಗೌರವಾರ್ಹವಾದ ಇತಿಹಾಸವಿದೆ. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರು 1918ರಲ್ಲಿ ‘ವಿಜ್ಞಾನ’ ಪತ್ರಿಕೆಯನ್ನು ಆರಂಭಿಸಿದಾಗ ಅವರ ಮುಂದೆ ಸಿದ್ಧಪದಗಳ ರಾಶಿಯಿರಲಿಲ್ಲ. ಒಂದೊಂದನ್ನೂ ಹುಡುಕಬೇಕಾಗಿತ್ತು, ಕಟ್ಟಬೇಕಾಗಿತ್ತು. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು 1946ರಲ್ಲಿ ಹೊರಬಂದಿತು. 1961ರಲ್ಲಿ ಕೇಂದ್ರ ಸರ್ಕಾರ ವೈಜ್ಞಾನಿಕ ಮತ್ತು ತಾಂತ್ರಿಕ ಪರಿಭಾಷಾ ಆಯೋಗವನ್ನು ಸ್ಥಾಪಿಸಿದ ಮೇಲೆ ಸಂಸ್ಕೃತಮೂಲದ ಪದಗಳಿಗೆ ಅಖಿಲ ಭಾರತ ಮಟ್ಟದ ಮಾನ್ಯತೆ ದೊರೆಯಿತು. ಭಾಷೆ ಭಾಷೆಗಳ ನಡುವೆ ಪದಗಳು ಸಮಾನವಾಗಿರಲಿ ಎಂಬುದು ಆ ಮಾರ್ಗದ ಸಮರ್ಥನೆ. ಆದರೆ ದುಗ್ಧರಸದ ವಿಷಯದಲ್ಲಿ ಆ ಪ್ರಯೋಜನವೂ ದೊರೆತಿಲ್ಲ. ಹಿಂದಿಯ ಪದ ಬೇರೆ, ತೆಲುಗಿನ ಪದ ಬೇರೆ. ಸಂಸ್ಕೃತದಿಂದ ಆರಿಸಿಕೊಂಡೂ ನಾವು ಒಬ್ಬಂಟಿಯಾಗಿದ್ದೇವೆ.

ಪರಿಭಾಷಾಕಾರರನ್ನು ಮಾತ್ರ ದೂರುವುದು ನ್ಯಾಯವಲ್ಲ. ಜಾನಪದ ವಿದ್ವಾಂಸರಾದ ನಾವು ಅವರಿಗೆ ಏನನ್ನು ಒದಗಿಸಿದ್ದೇವೆ? ಜನಪದ ವೈದ್ಯದ ಹೆಸರಿನಲ್ಲಿ ನಾವು ಬೇರು, ಸೊಪ್ಪು, ಕಷಾಯ, ಮಂತ್ರ, ಹರಕೆಗಳ ಪಟ್ಟಿಗಳನ್ನು ತುಂಬ ಸಂಗ್ರಹಿಸಿದ್ದೇವೆ. ಯಾವ ರೋಗಕ್ಕೆ ಯಾವ ಮದ್ದು ಎಂದು ಕೇಳಿದ್ದೇವೆ. ಆದರೆ ಮದ್ದು ಕೊಡುವವರು ರೋಗಿಯನ್ನು ಏನು ಕೇಳುತ್ತಾರೆ, ಮೊದಲು ಎಲ್ಲಿ ಮುಟ್ಟಿ ನೋಡುತ್ತಾರೆ, ದೇಹದ ಒಂದು ಭಾಗಕ್ಕೂ ಇನ್ನೊಂದಕ್ಕೂ ಯಾವ ನಂಟು ಕಲ್ಪಿಸುತ್ತಾರೆ ಎಂಬುದನ್ನು ದಾಖಲಿಸಿದ್ದು ಕಡಿಮೆ. ನನ್ನ ಸಂಗ್ರಹದ ಟಿಪ್ಪಣಿಗಳಲ್ಲಿಯೂ ಗೆಡ್ಡೆಗೆ ಹಚ್ಚುವ ಪಟ್ಟಿನ ಸಾಮಗ್ರಿಗಳಿದ್ದವು. ‘ಅಂಗಾಲು ನೋಡು’ ಎಂಬ ಮಾತು ಇರಲಿಲ್ಲ. ಅದು ಮದ್ದಲ್ಲವೆಂದು ನಾನು ಅದನ್ನು ಬರೆದುಕೊಂಡಿರಲಿಲ್ಲ. ಮದ್ದಿಗಿಂತ ಬೆಲೆಯುಳ್ಳ ತಿಳಿವಳಿಕೆ ಅದರಲ್ಲಿತ್ತೆಂಬುದು ನನಗೆ ತಡವಾಗಿ ಹೊಳೆಯಿತು.

ಇದರರ್ಥ ಜನಪದ ತಿಳಿವಳಿಕೆಯೆಲ್ಲ ವಿಜ್ಞಾನವೆಂದಲ್ಲ. ಗೆಡ್ಡೆಗೆ ಬರೆ ಹಾಕುವ ಪದ್ಧತಿಯೂ ಇದೇ ಪರಂಪರೆಯಲ್ಲಿದೆ. ಅದರಿಂದಾದ ಹಾನಿಯೂ ಸಣ್ಣದಲ್ಲ. ಕ್ಷಯದ ಗಂಡಮಾಲೆಯನ್ನು ಮಂತ್ರಿಸಿಕೊಂಡು ಕೂತು ಚಿಕಿತ್ಸೆಯ ಕಾಲವನ್ನು ಕಳೆದುಕೊಂಡವರಿದ್ದಾರೆ. ನೋಡುವ ಕಣ್ಣು ಸರಿಯಾಗಿದ್ದ ಮಾತ್ರಕ್ಕೆ ಮಾಡುವ ಕೈ ಸರಿಯಾಗಿರಬೇಕೆಂದಿಲ್ಲ. ಪದಗಳನ್ನು ಕಟ್ಟುವವರಿಗೆ ಬೇಕಾಗುವುದು ಆ ಕಣ್ಣು.

9. ಸಮಾರೋಪ

ಈ ಚರ್ಚೆಯಿಂದ ತಲುಪಬಹುದಾದ ನಿಲುವು ಇದು. ‘ದುಗ್ಧರಸ’ವು ಕರುಳಿನ ಬಿಳಿಯ ನಾಳಗಳ ನೋಟವನ್ನು ಇಡೀ ದೇಹಕ್ಕೆ ವಿಸ್ತರಿಸಿದ ಪದ. ತಲೆಮಾರುಗಳ ವಿದ್ಯಾರ್ಥಿಗಳು ಕಲಿತ, ಪಠ್ಯಗಳಲ್ಲಿ ನೆಲೆನಿಂತ ಅದನ್ನು ಈಗ ಕಿತ್ತುಹಾಕುವುದು ಸಾಧ್ಯವೂ ಅಲ್ಲ, ಅಗತ್ಯವೂ ಅಲ್ಲ. ಆದರೆ ಎರಡು ಕೆಲಸಗಳು ಆಗಬೇಕು. ಪಠ್ಯದಲ್ಲಿ ಈ ಪದ ಮೊದಲು ಬರುವೆಡೆಯಲ್ಲೇ ಹಾಲಿನ ಹೆಸರು ಏಕೆ ಬಂತು, ನಿಜವಾಗಿ ಈ ದ್ರವ ಹೇಗಿದೆ ಎಂಬುದನ್ನು ಒಂದು ವಾಕ್ಯದಲ್ಲಾದರೂ ಹೇಳಬೇಕು. ರೋಗಿಯ ಕೈಗೆ ಕೊಡುವ ಚೀಟಿಯಲ್ಲಿ, ಆರೋಗ್ಯ ಇಲಾಖೆಯ ಕರಪತ್ರದಲ್ಲಿ, ಆಶಾ ಕಾರ್ಯಕರ್ತೆಯ ಮಾತಿನಲ್ಲಿ ದುಗ್ಧಗ್ರಂಥಿಯ ಪಕ್ಕದಲ್ಲಿ ‘ಗೆಡ್ಡೆ’ ಇರಬೇಕು, ದುಗ್ಧರಸದ ಪಕ್ಕದಲ್ಲಿ ‘ರಸಿಕೆ’ ಇರಬೇಕು. ಆಯಾ ಸೀಮೆಯಲ್ಲಿ ಬೇರೆ ಮಾತಿದ್ದರೆ ಆ ಮಾತಿರಬೇಕು. ಅಂತಹ ಮಾತುಗಳನ್ನು ಜಿಲ್ಲೆ ಜಿಲ್ಲೆಗಳಿಂದ ಸಂಗ್ರಹಿಸಿ ವೈದ್ಯರ ಕೈಗೆ ತಲುಪಿಸುವ ಹೊಣೆ ಜಾನಪದ ಅಧ್ಯಯನಕಾರರದು. ಗೆಡ್ಡೆಯ ಇರವನ್ನು ಬಲ್ಲ, ಆದರೆ ದುಗ್ಧಗ್ರಂಥಿಯ ಹೆಸರನ್ನು ಕೇಳದ ತಲೆಮಾರು ನಮ್ಮ ಕಣ್ಣೆದುರೇ ಮರೆಯಾಗುತ್ತಿರುವುದರಿಂದ ಈ ಕೆಲಸ ತಡವಾಗಬಾರದು.